ಹಿಮಾಲಯದಾಚೆಯ ತಂತಿ



ಬೇಸಗೆಯ ರಜೆಯಲ್ಲಿ ತಾಂಬರಂನಿಂದ ಮೈಸೂರು, ಕೊಡಗುಗಳ ಕಡೆಗೆ ಹೋಗಿಬಂದ ನಿಮ್ಮಲ್ಲಿ ಕೆಲವರು ಕುಶಾಲನಗರದ ಬಳಿಯ ಬೈಲಕುಪ್ಪೆಯನ್ನು ನೋಡಿರಬಹುದು. ಹೊಂಬಣ್ಣದ ಬುದ್ಧವಿಗ್ರಹಗಳೂ ಕೆಂಪು ವಸ್ತ್ರವನ್ನುಟ್ಟ ಭಿಕ್ಷುಗಳೂ ಅಲ್ಲಿ ಕಾಣಸಿಗುತ್ತಾರೆ. ಅಲ್ಲಿ ನೆಲೆಸಿದ ಆ ಜನರ ಮೂಲ ನಾಡು ಹಿಮಾಲಯದ ಉತ್ತರದಲ್ಲಿರುವ ಟಿಬೆಟ್. ನಮ್ಮ ದೇಶದಿಂದ ಆ ನಾಡಿನೊಳಕ್ಕೆ ತಂತಿಯು ಹೋದುದು ಸ್ನೇಹದ ಮಾರ್ಗದಿಂದಲ್ಲ, ದಂಡಿನ ಬೆನ್ನ ಹಿಂದೆ. ಆ ವೃತ್ತಾಂತವನ್ನು ಈ ಪಾಠದಲ್ಲಿ ಅರಿತುಕೊಳ್ಳೋಣ.

ತಂತಿ ಎಂದರೇನು ಎಂದು ಮಕ್ಕಳು ಕೇಳುವ ಕಾಲ ಬಂದಿದೆ. ನಮ್ಮ ದೇಶದಲ್ಲಿ ತಂತಿ ಸಮಾಚಾರದ ಸೇವೆಯು 2013ರ ಜುಲೈ ತಿಂಗಳಲ್ಲಿ ಮುಕ್ತಾಯವಾಯಿತು. ಅದಕ್ಕೆ ಮೊದಲು ಹಳ್ಳಿಗಳಲ್ಲಿ ‘ತಂತಿ ಬಂದಿದೆ’ ಎಂಬ ಮಾತು ಕೇಳಿದರೆ ಸಾಕು, ಒಡೆದು ಓದುವ ಮುನ್ನವೇ ಹಿರಿಯರ ಕಣ್ಣಿನಲ್ಲಿ ನೀರಾಡುತ್ತಿತ್ತು. ಕಂಬದಿಂದ ಕಂಬಕ್ಕೆ ಎಳೆದ ಕಬ್ಬಿಣದ ತಂತಿಯಲ್ಲಿ ವಿದ್ಯುತ್ತನ್ನು ಹರಿಯಿಸಿ, ಒಂದು ಕೀಲಿಯನ್ನು ಒತ್ತಿ ಬಿಡುವುದರಿಂದ ಚುಕ್ಕೆ ಗೆರೆಗಳ ಸಂಕೇತವನ್ನು ಕಳುಹಿಸುವುದೇ ಇದರ ಮರ್ಮ. ಮೋರ್ಸ್ ಸಂಕೇತದಲ್ಲಿ ಒಂದು ಚುಕ್ಕೆ ಎಂದರೆ ಇಂಗ್ಲಿಷಿನ ‘ಇ’ ಅಕ್ಷರ. ಒಂದು ಗೆರೆ ಎಂದರೆ ‘ಟಿ’ ಅಕ್ಷರ. ಇದಕ್ಕೆ ಒಂದೇ ತಂತಿ ಸಾಕು. ವಿದ್ಯುತ್ತು ಹಿಂದಿರುಗುವ ದಾರಿಯನ್ನು ಭೂಮಿಯೇ ಒದಗಿಸುತ್ತದೆ. ಆದರೆ ನೆಲವು ಹೆಪ್ಪುಗಟ್ಟಿದಲ್ಲಿ ವಿದ್ಯುತ್ತು ಅದರೊಳಗೆ ಸುಲಭವಾಗಿ ಹರಿಯದು. ಹಿಮದ ನಾಡಿನಲ್ಲಿ ತಂತಿಯವರಿಗೆ ಇದೊಂದು ತೊಡಕು.

ಭಾರತದಲ್ಲಿ ಈ ವಿದ್ಯೆಯನ್ನು ಮೊದಲು ಪ್ರಯೋಗಿಸಿದವನು ಓಷಾನೆಸಿ ಎಂಬ ವೈದ್ಯ. ಅವನು 1839ರಲ್ಲಿ ಕಲ್ಕತ್ತೆಯ ಬಳಿ ಪ್ರಯೋಗವನ್ನು ನಡೆಸಿದನು. 1855ರಲ್ಲಿ ತಂತಿಯು ಸಾರ್ವಜನಿಕರಿಗೂ ದೊರೆಯಿತು. ಎರಡೇ ವರ್ಷಗಳ ತರುವಾಯ, 1857ರ ಮೇ 11ರಂದು, ದೆಹಲಿಯ ದಂಗೆಯ ಸುದ್ದಿಯು ತಂತಿಯ ಮೂಲಕವೇ ಅಂಬಾಲೆಯ ಸೈನ್ಯಾಧಿಕಾರಿಗಳನ್ನು ಮುಟ್ಟಿತು. ತಂತಿಯು ರಾಜ್ಯವನ್ನಾಳುವವರ ಆಯುಧವೂ ಹೌದೆಂಬುದು ಅಂದಿನಿಂದ ಎಲ್ಲರಿಗೂ ಮನದಟ್ಟಾಯಿತು. ಸೈನ್ಯದಲ್ಲಿ ಈ ಕೆಲಸವನ್ನು ರಸ್ತೆ, ಸೇತುವೆಗಳನ್ನು ಕಟ್ಟುವ ಸ್ಯಾಪರ್ಸ್ ದಳದವರು ನಿರ್ವಹಿಸುತ್ತಿದ್ದರು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದರಾಸು ಸ್ಯಾಪರ್ಸ್ ಅಂಥ ದಳಗಳಲ್ಲೊಂದು. ಸಂದೇಶಕ್ಕೆಂದೇ ಪ್ರತ್ಯೇಕವಾದ ಸಿಗ್ನಲ್ಸ್ ದಳವು ಹುಟ್ಟಿದುದು 1911ರ ಫೆಬ್ರವರಿ 15ರಂದು.

ಇನ್ನು ಟಿಬೆಟ್ಟಿಗೆ ಬರೋಣ. ರಷ್ಯದ ಪ್ರಭಾವವು ಅಲ್ಲಿ ಬೆಳೆಯುತ್ತಿದೆಯೆಂಬ ಶಂಕೆಯಿಂದ ವೈಸರಾಯ್ ಕರ್ಜನ್ನನು 1903ರಲ್ಲಿ ಯಂಗ್‌ಹಸ್ಬೆಂಡ್ ಎಂಬ ಅಧಿಕಾರಿಯನ್ನು ದಂಡಿನೊಡನೆ ಕಳುಹಿಸಿದನು. ಆ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ದಂಡು 14,000 ಅಡಿಗಿಂತಲೂ ಎತ್ತರವಾದ ಜೆಲೆಪ್ ಲಾ ಕಣಿವೆದಾರಿಯನ್ನು ದಾಟಿ ಚುಂಬಿ ಕಣಿವೆಗೆ ಇಳಿಯಿತು. ಅದರ ಹಿಂದೆ ಕಂಬ ಕಂಬವಾಗಿ ತಂತಿಯು ಬೆಳೆಯುತ್ತ ಬಂದಿತು. ಚುಂಬಿ ಕಣಿವೆಯಲ್ಲಿ ಕಾಡುಂಟು. ಅದನ್ನು ಬಿಟ್ಟು ಮೇಲಿನ ಬಯಲನ್ನೇರಿದರೆ ಕಂಬಕ್ಕೆ ಬೇಕಾದ ಮರವೂ ದೊರೆಯದು. ಎಲ್ಲವನ್ನೂ ಹೊತ್ತೇ ಒಯ್ಯಬೇಕು. ಹೊತ್ತವರು ಹೆಸರಿಲ್ಲದ ಕೂಲಿಗಳು. ಸೇನಾಪತಿಗಳ ಹೆಸರನ್ನು ಬರೆದಿಟ್ಟ ಚರಿತ್ರೆಯು ಇವರ ಹೆಸರನ್ನು ಬರೆಯಲಿಲ್ಲ.

ಈ ತಂತಿಯನ್ನು ಕುರಿತು ಒಂದು ಕಥೆಯು ಬಹಳ ಪ್ರಸಿದ್ಧವಾಗಿದೆ. ಇದೇಕೆಂದು ಟಿಬೆಟ್ಟಿನವರು ಕೇಳಿದಾಗ, ‘ನಾವು ಹೊಸಬರು, ಹಿಂದಿರುಗುವಾಗ ದಾರಿ ತಪ್ಪದಿರಲೆಂದು ಕಟ್ಟಿಕೊಂಡಿದ್ದೇವೆ’ ಎಂದು ತಂತಿಯವರು ಹೇಳಿದರಂತೆ. ಬಂದವರು ಬೇಗ ಹೊರಟುಹೋಗಲೆಂದು ಬಯಸಿದ ಜನರು ತಂತಿಯನ್ನು ಮುಟ್ಟಲಿಲ್ಲವಂತೆ. ಇದನ್ನೋದಿ ನಗು ಬರುವುದು ಸಹಜ. ಆದರೆ ನಗುವ ಮೊದಲು ಯೋಚಿಸಬೇಕು. ಅರಿಯದ ಜನರು ನುಡಿಯನ್ನು ನಂಬಿದರು. ಅರಿತವರು ಆ ನಂಬಿಕೆಯನ್ನು ಬಳಸಿಕೊಂಡರು. ಇವರಲ್ಲಿ ನಗೆಗೆ ಯೋಗ್ಯರು ಯಾರು?

1904ರ ಮಾರ್ಚ್ 31ರಂದು ಗುರು ಎಂಬ ಹಳ್ಳಿಯ ಬಳಿ, ಹಳೆಯ ಬತ್ತಿಕೋವಿಗಳನ್ನೂ ಕತ್ತಿಗಳನ್ನೂ ಹಿಡಿದಿದ್ದ ಟಿಬೆಟ್ಟಿನವರ ಮೇಲೆ ಯಂತ್ರದ ತುಪಾಕಿಗಳು ಗುಂಡು ಸುರಿದುವು. ನೂರಾರು ಮಂದಿ ಸತ್ತರು. ಈ ಸುದ್ದಿಯನ್ನು ಲೋಕಕ್ಕೆ ತಿಳಿಸಿದವರು ದಂಡಿನ ಅಧಿಕಾರಿಗಳು ಮತ್ತು ಅವರೊಡನಿದ್ದ ಲಂಡನ್ ಪತ್ರಿಕೆಗಳ ಬಾತ್ಮೀದಾರರು. ಸತ್ತವರ ಕಡೆಯವರಿಗೆ ತಂತಿ ಇರಲಿಲ್ಲ. ಅವರ ಮಾತು ಕುದುರೆಯ ಮೇಲೆ ಲ್ಹಾಸಾದವರೆಗೆ ಮಾತ್ರ ಹೋಗಬಲ್ಲುದಾಗಿತ್ತು. ಆದರೂ ಸತ್ಯವು ಪೂರ್ತಿಯಾಗಿ ಮುಚ್ಚಿಹೋಗಲಿಲ್ಲ. ಸತ್ತವರ ಸಂಖ್ಯೆಯನ್ನು ಕೇಳಿ ಇಂಗ್ಲೆಂಡಿನಲ್ಲಿಯೇ ಅನೇಕರು ಖಂಡಿಸಿದರು.

ತಂತಿಯು ಗ್ಯಾಂತ್ಸೆಯವರೆಗೆ ತಲುಪಿತು. ಅಲ್ಲಿಂದ ಲ್ಹಾಸಾಕ್ಕೆ ಸುಮಾರು 150 ಮೈಲಿ. ಆ ದೂರವನ್ನು ಕುದುರೆ ಸವಾರರೇ ಕ್ರಮಿಸಬೇಕಾಗಿತ್ತು. ಮೇಲಿನವರ ಅಪ್ಪಣೆ ಕೈಸೇರಲು ದಿನಗಳು ಹಿಡಿಯುತ್ತಿದ್ದುವು. 1904ರ ಸೆಪ್ಟೆಂಬರ್ 7ರಂದು ಯಂಗ್‌ಹಸ್ಬೆಂಡನು ಲ್ಹಾಸಾದಲ್ಲಿ ಒಪ್ಪಂದವನ್ನು ಮಾಡಿಸಿದನು. 75 ಲಕ್ಷ ರೂಪಾಯಿ ದಂಡ, ವರ್ಷಕ್ಕೊಂದು ಲಕ್ಷದಂತೆ 75 ಕಂತು, ಅಷ್ಟೂ ಕಾಲ ಚುಂಬಿ ಕಣಿವೆಯು ಆಂಗ್ಲರ ವಶದಲ್ಲಿ ಎಂಬುದು ಅದರ ಷರತ್ತು. ಲಂಡನ್ ಸರ್ಕಾರದ ಇಚ್ಛೆಯನ್ನು ಇದು ಮೀರಿತ್ತು. ತರುವಾಯ ದಂಡವನ್ನು 25 ಲಕ್ಷಕ್ಕೆ ಇಳಿಸಲಾಯಿತು. 1908ರಲ್ಲಿ ಕಣಿವೆಯನ್ನು ತೆರವು ಮಾಡಲಾಯಿತು. ತಂತಿಯ ಕೊನೆಯ ಕಂಬದಾಚೆಗೆ ಒಬ್ಬ ಮನುಷ್ಯನ ಹಟಕ್ಕೆ ಎಷ್ಟು ಎಡೆಯಿತ್ತೆಂಬುದನ್ನು ಇದರಿಂದ ಊಹಿಸಬಹುದು.

ದಂಡು ಹಿಂದಿರುಗಿತು, ದಾರಿ ತೋರಿಸುವುದಕ್ಕೆಂದು ಹೇಳಿದ ತಂತಿಯು ಮಾತ್ರ ಅಲ್ಲಿಯೇ ಉಳಿಯಿತು. 1906ರಲ್ಲಿ ಚೀನದೊಡನೆ ಆದ ಒಪ್ಪಂದವು ಅಲ್ಲಿಯ ವ್ಯಾಪಾರದ ಪೇಟೆಗಳಿಗೆ ಭಾರತದಿಂದ ತಂತಿ ಎಳೆಯುವ ಹಕ್ಕನ್ನು ಆಂಗ್ಲರಿಗೆ ಕೊಟ್ಟಿತು. 1922ರಲ್ಲಿ ಗ್ಯಾಂತ್ಸೆಯಿಂದ ಲ್ಹಾಸಾದವರೆಗೆ ತಂತಿಯು ಬೆಳೆಯಿತು. ಈ ಸಲ ಅದು ಟಿಬೆಟ್ ಸರ್ಕಾರದ ಸ್ವಂತ ತಂತಿ. 1913ರಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಹೋದ ನಾಲ್ವರು ಟಿಬೆಟ್ ಬಾಲಕರಲ್ಲಿ ಕಿಬುಪ್ ಎಂಬವನು ಈ ವಿದ್ಯೆಯನ್ನು ಕಲಿತು ಬಂದು ತನ್ನ ನಾಡಿನ ತಂತಿಯ ಕೆಲಸದಲ್ಲಿ ತೊಡಗಿದನು. ಸ್ವತಂತ್ರ ಭಾರತವು 1954ರ ಏಪ್ರಿಲ್ 29ರ ಒಪ್ಪಂದದಂತೆ ತನ್ನ ಅಧೀನದಲ್ಲಿದ್ದ ಅಲ್ಲಿಯ ಅಂಚೆ, ತಂತಿ, ಟೆಲಿಫೋನುಗಳನ್ನು ಚೀನಕ್ಕೆ ವಹಿಸಿಕೊಟ್ಟಿತು. ಐದು ವರ್ಷಗಳ ಮೇಲೆ, 1959ರಲ್ಲಿ, ಟಿಬೆಟ್ಟಿನವರು ಸಾವಿರಗಟ್ಟಲೆ ಆಶ್ರಯವನ್ನರಸಿ ನಮ್ಮ ದೇಶಕ್ಕೆ ಬಂದರು. ಅಂದಿನ ಮೈಸೂರು ರಾಜ್ಯವು ಅವರಿಗೆ ಬೈಲಕುಪ್ಪೆಯಲ್ಲಿ ಭೂಮಿಯನ್ನು ಕೊಟ್ಟಿತು.

ಊರನ್ನು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ನಮಗೆ ಊರಿನ ಸುದ್ದಿಯ ಬೆಲೆ ಚೆನ್ನಾಗಿ ಗೊತ್ತು. ಇಂದು ನಿಮ್ಮ ಮನೆಗಳಲ್ಲಿರುವ ಫೋನು ಆ ತಂತಿಗಿಂತ ಸಾವಿರ ಪಾಲು ಬಲವುಳ್ಳದ್ದು. ಆದರೆ ಪಾಠವು ಹಳೆಯದೇ: ಸಾಧನವು ಯಾರ ಕೈಯಲ್ಲಿದೆಯೋ ಅವರ ಮಾತೇ ಮೊದಲು ಕೇಳಿಸುತ್ತದೆ, ಮೊದಲು ಕೇಳಿಸಿದುದೆಲ್ಲ ಪೂರ್ಣಸತ್ಯವಲ್ಲ. ಯಾವ ಸುದ್ದಿ ಬಂದರೂ, ಇನ್ನೊಂದು ಕಡೆಯವರು ಏನು ಹೇಳುತ್ತಿದ್ದರು ಎಂದು ಒಮ್ಮೆ ಕೇಳಿಕೊಳ್ಳಿರಿ. ಮುಂದೆ ಬೈಲಕುಪ್ಪೆಗೆ ಹೋದಾಗ ವಿಗ್ರಹಗಳನ್ನು ನೋಡಿ ಹಿಂದಿರುಗಬೇಡಿರಿ. ಅಲ್ಲಿಯ ಹಿರಿಯರೊಬ್ಬರನ್ನು ಮಾತನಾಡಿಸಿರಿ. ಅವರಲ್ಲಿ ಅನೇಕರಿಗೆ ಕನ್ನಡ ಬರುತ್ತದೆ.

ಅಭ್ಯಾಸ
1. ತಂತಿ ಸಮಾಚಾರಕ್ಕೆ ಒಂದೇ ತಂತಿ ಸಾಕಾಗುವುದೇಕೆ? ಹಿಮದ ನಾಡಿನಲ್ಲಿ ಇದರಿಂದ ಬರುವ ತೊಡಕು ಯಾವುದು?
2. ತಂತಿಯು ಗ್ಯಾಂತ್ಸೆಯಲ್ಲಿಯೇ ನಿಂತುದರಿಂದ ಲ್ಹಾಸಾದ ಒಪ್ಪಂದದ ಮೇಲೆ ಆದ ಪರಿಣಾಮವೇನು?
3. ಗುರು ಹಳ್ಳಿಯವನೊಬ್ಬನಿಗೆ ತಂತಿಯು ದೊರೆತಿದ್ದರೆ ಅವನು ಏನನ್ನು ಕಳುಹಿಸುತ್ತಿದ್ದನು? ಹತ್ತು ಪದಗಳಲ್ಲಿ ಬರೆಯಿರಿ.