ಶಿಕ್ಷಕರ ಹೊಣೆಗಾರಿಕೆ: ಕಾನೂನು ಮತ್ತು ನೀತಿ

ಶಾಲೆಯ ವೇಳೆಯಲ್ಲಿ ಮಗುವಿನ ಯೋಗಕ್ಷೇಮದ ಹೊಣೆ ಶಿಕ್ಷಕರದಾಗಿರುತ್ತದೆ. ಈ ಹೊಣೆಯ ಒಂದು ಭಾಗವನ್ನು ಕಾನೂನು ವಿಧಿಸಿದೆ. ಮತ್ತೊಂದು ಭಾಗವು ವೃತ್ತಿಯ ನೀತಿಗೆ ಸೇರಿದುದು. ಕಾನೂನು ಕನಿಷ್ಠ ಮಟ್ಟವನ್ನು ಗೊತ್ತುಪಡಿಸುತ್ತದೆ. ಅದಕ್ಕಿಂತ ಮೇಲಿನದನ್ನು ಶಿಕ್ಷಕರ ಅಂತಃಸಾಕ್ಷಿಯೇ ನಡೆಸಿಕೊಡಬೇಕು. ಇವೆರಡನ್ನೂ ಶಿಕ್ಷಕರಂತೆಯೇ ಪೋಷಕರೂ ಅರಿತಿರುವುದು ಅವಶ್ಯಕ.

ಬೋಧನೆಯ ಹೊಣೆ

2002ರ 86ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 21ಎ ಅನುಚ್ಛೇದವು 6ರಿಂದ 14 ವರ್ಷ ವಯಸ್ಸಿನ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಸಿದೆ. ಇದನ್ನು ಕಾರ್ಯರೂಪಕ್ಕೆ ತರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮವು (2009) 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಇದರ 24ನೆಯ ಪ್ರಕರಣದ ಮೇರೆಗೆ ಶಿಕ್ಷಕರು:

1. ತಪ್ಪದೆ, ಸಕಾಲದಲ್ಲಿ ಶಾಲೆಗೆ ಹಾಜರಾಗತಕ್ಕದ್ದು.
2. ಪಠ್ಯಕ್ರಮವನ್ನು ನಿಗದಿತ ಅವಧಿಯೊಳಗೆ ಪೂರೈಸತಕ್ಕದ್ದು.
3. ಪ್ರತಿಯೊಂದು ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡತಕ್ಕದ್ದು.
4. ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ, ಮಗುವಿನ ಹಾಜರಾತಿ ಮತ್ತು ಪ್ರಗತಿಯನ್ನು ತಿಳಿಸತಕ್ಕದ್ದು.

ಕರ್ತವ್ಯಲೋಪ ಎಸಗಿದವರು ಶಿಸ್ತುಕ್ರಮಕ್ಕೆ ಒಳಗಾಗುತ್ತಾರೆ. ಆದರೆ ಅದಕ್ಕೆ ಮುನ್ನ ಅವರ ಅಹವಾಲನ್ನು ಕೇಳಲೇಬೇಕು. 28ನೆಯ ಪ್ರಕರಣವು ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ. ತರಗತಿಯಲ್ಲಿ ಹೇಳಬೇಕಾದುದನ್ನು ಮನೆಯಲ್ಲಿ ಹಣ ಪಡೆದು ಹೇಳಿದರೆ ಬಡ ಮಗುವು ವಂಚಿತವಾಗುವುದು. ಶಿಕ್ಷಕರ ವೇಳೆಗೂ ಕಾನೂನಿನ ರಕ್ಷಣೆಯಿದೆ: ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕಾರ್ಯಗಳ ಹೊರತು ಬೋಧನೇತರ ಕೆಲಸಕ್ಕೆ ಅವರನ್ನು ನಿಯೋಜಿಸುವಂತಿಲ್ಲ.

ದಂಡನೆ ಸಲ್ಲದು

ದೆಹಲಿಯ ಶಾಲೆಗಳಲ್ಲಿ ದೈಹಿಕ ಶಿಕ್ಷೆಗೆ ಅವಕಾಶವಿತ್ತಿದ್ದ ನಿಯಮವನ್ನು ದೆಹಲಿ ಉಚ್ಚ ನ್ಯಾಯಾಲಯವು 2000ದ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಬಳಿಕ 2009ರ ಅಧಿನಿಯಮದ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತವನ್ನು ಬಿಟ್ಟು ಮಾತಿನಿಂದ ಹೊಡೆಯುವುದೂ ತಪ್ಪೇ. ಜಾತಿ, ಬಡತನ ಅಥವಾ ಅಂಗವೈಕಲ್ಯವನ್ನು ಎತ್ತಿ ಹೀಯಾಳಿಸಿದ ಮಾತು ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಊರು ಬಿಟ್ಟು ಬಂದ ಮಗು

ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆಗಳಿಗೆ ದುಡಿಮೆಗಾಗಿ ಹೋಗುವ ಕುಟುಂಬಗಳು ಈ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಮಗುವು ಬೇರೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಬಯಸಿದಾಗ ಮುಖ್ಯೋಪಾಧ್ಯಾಯರು ವರ್ಗಾವಣೆ ಪ್ರಮಾಣಪತ್ರವನ್ನು ತಕ್ಷಣ ಕೊಡತಕ್ಕದ್ದು. ತಡಮಾಡಿದವರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಪತ್ರ ತಡವಾಯಿತೆಂದು ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಮಗು ಮರಾಠಿ ತರಗತಿಯಲ್ಲಿ ಮೌನವಾಗಿದ್ದರೆ ಅದು ಮಂದಬುದ್ಧಿಯ ಲಕ್ಷಣವಲ್ಲ. ಆ ಮೌನದ ಕಾರಣವನ್ನು ಅರಿತು ತಾಳ್ಮೆಯಿಂದ ಕಲಿಸುವಲ್ಲಿ ಶಿಕ್ಷಕರ ನೀತಿಯ ನಿಜವಾದ ಪರೀಕ್ಷೆಯಿದೆ.

ಮೌನವೂ ಅಪರಾಧ

ಪೋಕ್ಸೋ ಎಂದು ಪರಿಚಿತವಾದ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಅಧಿನಿಯಮವು 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಖ್ಯೋಪಾಧ್ಯಾಯರ ಕಿವಿಗೆ ಹಾಕಿದರೆ ಸಾಕೆಂಬ ಭಾವನೆ ಸರಿಯಲ್ಲ. ವರದಿ ಮಾಡದವರಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ತನ್ನ ಅಧೀನದ ನೌಕರನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಶಿಕ್ಷೆಯು 1 ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಸಂಕಷ್ಟದಲ್ಲಿರುವ ಮಗುವಿನ ನೆರವಿಗೆ 1098 ದೂರವಾಣಿ ಸಂಖ್ಯೆಯಿದೆ.

ಶಾಲೆಯ ಹೆಸರು ಕೆಡುವುದೆಂಬ ಅಂಜಿಕೆಯಿಂದ ಇಂತಹ ವಿಷಯಗಳನ್ನು ಅದುಮಿಡುವುದುಂಟು. ಆದರೆ ಮಗುವನ್ನು ಬಲಿಗೊಟ್ಟು ಉಳಿಸಿದ ಹೆಸರು ಹೆಸರಲ್ಲ. ಶಿಕ್ಷಕರ ಮೊದಲ ನಿಷ್ಠೆ ಸಂಸ್ಥೆಗಲ್ಲ, ಮಗುವಿಗೆ.

ಪೋಷಕರು ಮಾಡಬೇಕಾದುದು

ಶಿಕ್ಷಣ ಹಕ್ಕು ಅಧಿನಿಯಮದ ಮೇರೆಗೆ ಕುಂದುಕೊರತೆಯಿದ್ದಲ್ಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಬಹುದು. ಅದು 3 ತಿಂಗಳೊಳಗೆ ತೀರ್ಮಾನಿಸಬೇಕು. ತೃಪ್ತಿಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆದರೆ ದೂರಿನ ಸಂದರ್ಭಕ್ಕಾಗಿ ಕಾಯದೆ, ಶಾಲೆಯ ಸಭೆಗಳಿಗೆ ತಪ್ಪದೆ ಹೋಗಿ ಶಿಕ್ಷಕರೊಡನೆ ಮಾತನಾಡುವ ಪೋಷಕರು ಮಗುವಿಗೂ ಶಿಕ್ಷಕರಿಗೂ ಸಮಾನವಾಗಿ ನೆರವಾಗುತ್ತಾರೆ.