ಮಲೆನಾಡಿನ ಪ್ರಯಾಣ: ಊರಿಗೆ ಹೋಗುವವರಿಗೆ ಕೆಲವು ಆರೋಗ್ಯ ಸೂಚನೆಗಳು

ರಜೆ ಸಮೀಪಿಸುತ್ತಿದ್ದಂತೆ ಹೈದರಾಬಾದಿನ ಕನ್ನಡ ಕುಟುಂಬಗಳಲ್ಲಿ ಊರಿನ ಮಾತು ಮೊದಲಾಗುತ್ತದೆ. ಕಾಚಿಗುಡ ನಿಲ್ದಾಣದಲ್ಲಿ ಮಂಗಳೂರಿನ ಕಡೆಯ ರೈಲು ಹತ್ತುವವರ ಬಳಿ ಅಜ್ಜಿಗೊಂದು ಸೀರೆ, ಮಕ್ಕಳ ಬಟ್ಟೆಬರೆ, ದಾರಿಯ ಬುತ್ತಿ ಎಲ್ಲವೂ ಇರುತ್ತವೆ. ಔಷಧದ ಚಿಕ್ಕ ಚೀಲ ಮಾತ್ರ ವಿರಳ. ಮಧ್ಯ ಅಮೆರಿಕದ ಪನಾಮಾದಂತಹ ದೇಶಕ್ಕೆ ಹೊರಟವರು ಮೊದಲೇ ವೈದ್ಯರನ್ನು ಕಂಡು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳುತ್ತಾರೆ. ಅಲ್ಲಿಂದ ಮರಳುವಾಗ ಅದರ ಪ್ರಮಾಣಪತ್ರವನ್ನು ಹೊಂದಿರಬೇಕೆಂಬ ನಿಯಮವೂ ಉಂಟು. ಸ್ವಂತ ಊರಿಗೆ ಹೋಗುವವರಿಗಾದರೋ 'ನಮ್ಮೂರು ತಾನೆ' ಎಂಬ ಧೈರ್ಯ. ಈ ಧೈರ್ಯವೇ ಅನೇಕ ವೇಳೆ ಎಚ್ಚರಿಕೆಯನ್ನು ಮರೆಸುತ್ತದೆ.

ಹೈದರಾಬಾದಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ, ಆಗುಂಬೆಯಲ್ಲಿ ಅದು 7,000 ಮಿಲಿಮೀಟರ್‌ಗಳನ್ನೂ ಮೀರುತ್ತದೆ. ದಖ್ಖನದ ಒಣಹವೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ, ಊರು ಬಿಟ್ಟು ಇಪ್ಪತ್ತು ವರ್ಷಗಳಾದ ತಂದೆತಾಯಿಗಳಿಗೂ ಕಾಡು, ಗದ್ದೆ, ತೋಟಗಳ ಒಡನಾಟದ ರೂಢಿ ತಪ್ಪಿರುತ್ತದೆ. ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬ ತಿಳುವಳಿಕೆ ಊರಿನಲ್ಲೇ ಉಳಿದವರಿಗಿರುವಷ್ಟು ಇವರಿಗಿರುವುದಿಲ್ಲ. ಮನಸ್ಸಿಗೆ ಅದು ತವರಾದರೂ ಶರೀರಕ್ಕೆ ಪರಸ್ಥಳವೇ ಸರಿ.

ಸೊಳ್ಳೆಗಳು

ಸೊಳ್ಳೆಯ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಸ್ಥಳ ನಮ್ಮ ಅವಳಿ ನಗರವೇ. 1897ನೆಯ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು; 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಪನಾಮಾ ಕಾಲುವೆಯನ್ನು ತೋಡಲು ಹೊರಟ ಫ್ರೆಂಚರು ಮಲೇರಿಯಾ, ಹಳದಿ ಜ್ವರಗಳಿಂದ ಸಾವಿರಾರು ಮಂದಿಯನ್ನು ಕಳೆದುಕೊಂಡಿದ್ದರು. 1904ರ ಅನಂತರ ಅಮೆರಿಕದ ವೈದ್ಯ ಗೋರ್ಗಸ್ ಅವರು ಸೊಳ್ಳೆಗಳ ನಿರ್ಮೂಲನಕ್ಕೆ ಕೈಹಾಕಿದ ಮೇಲೆ ಕೆಲಸ ಸುಗಮವಾಗಿ, 1914ರಲ್ಲಿ ಕಾಲುವೆ ತೆರೆಯಿತು.

ಮಲೇರಿಯಾದ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ. ಡೆಂಗಿಯ ಸೊಳ್ಳೆಯಾದರೋ ಹಗಲಿನಲ್ಲಿ ಕಚ್ಚುತ್ತದೆ. ಆದುದರಿಂದ ಇರುಳಿಗೆ ಸೊಳ್ಳೆಪರದೆ, ಹಗಲಿಗೆ ಮೈತುಂಬ ಬಟ್ಟೆ ಮತ್ತು ಲೇಪನ ಇವೆರಡೂ ಅಗತ್ಯ. ಮಧ್ಯಾಹ್ನ ಮಲಗುವ ಕೂಸಿಗೂ ಪರದೆ ಕಟ್ಟಬೇಕು.

ಉಣುಗು ಮತ್ತು ಮಂಗನ ಕಾಯಿಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಜನರೂ ಜ್ವರದಿಂದ ಮಲಗಿದರು. ಆ ಕಾಡಿನ ಹೆಸರನ್ನೇ ಪಡೆದ ಈ ರೋಗವನ್ನು ಜನರು ಮಂಗನ ಕಾಯಿಲೆ ಎನ್ನುತ್ತಾರೆ. ಇದನ್ನು ಮನುಷ್ಯರಿಗೆ ತರುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ನಮ್ಮ ಮಕ್ಕಳ ಸಂಕ್ರಾಂತಿ ರಜೆ ಹಾಗೂ ಬೇಸಿಗೆ ರಜೆಗಳೆರಡೂ ಈ ಅವಧಿಯಲ್ಲಿಯೇ ಬರುತ್ತವೆಂಬುದನ್ನು ಗಮನಿಸಬೇಕು. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆ ನಿಂತಿರುವುದರಿಂದ ಎಚ್ಚರಿಕೆಯೇ ಮುಖ್ಯ ರಕ್ಷಣೆ.

ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ಮಕ್ಕಳನ್ನು ಕರೆದೊಯ್ಯಬಾರದು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ತರಗೆಲೆಗಳ ರಾಶಿಯ ಮೇಲೆ ಕುಳಿತುಕೊಳ್ಳಬಾರದು. ಕಾಡಿನಂಚಿಗೆ ಹೋಗುವವರು ಉದ್ದ ತೋಳಿನ ಅಂಗಿ, ಷರಾಯಿ ಧರಿಸಿ, ಆರೋಗ್ಯ ಕೇಂದ್ರದವರು ಕೊಡುವ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳತಕ್ಕದ್ದು. ಮರಳಿದೊಡನೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನಮಾಡಬೇಕು. ಉಣುಗು ಕಚ್ಚಿಕೊಂಡಿದ್ದರೆ ಅದನ್ನು ಸುಡಬಾರದು, ಬೆರಳಿನಿಂದ ಹಿಸುಕಬಾರದು. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು.

ಮಳೆಗಾಲದಲ್ಲಿ

ಮಳೆಗಾಲದಲ್ಲಿ ಹೋಗುವವರಿಗೆ ಇಂಬಳದ ಭಯವೇ ದೊಡ್ಡದು. ವಾಸ್ತವವಾಗಿ ಇಂಬಳ ಕಚ್ಚಿದರೆ ಸ್ವಲ್ಪ ರಕ್ತ ಸುರಿಯುವುದಲ್ಲದೆ ಸಾಮಾನ್ಯವಾಗಿ ಬೇರೆ ಕೇಡಿಲ್ಲ; ತೊಳೆದು ಒತ್ತಿ ಹಿಡಿದರೆ ಸಾಕು. ಅದಕ್ಕಿಂತ ಅಂಜಬೇಕಾದುದು ಕಣ್ಣಿಗೆ ಕಾಣದ ಇಲಿ ಜ್ವರಕ್ಕೆ. ಇಲಿ ಮುಂತಾದ ಪ್ರಾಣಿಗಳ ಮೂತ್ರ ಸೇರಿದ ಗದ್ದೆಯ ಕೆಸರು, ನಿಂತ ನೀರುಗಳಿಂದ ಕಾಲಿನ ಗಾಯದ ಮೂಲಕ ಇದು ದೇಹವನ್ನು ಸೇರುತ್ತದೆ. ಕಾಲಿನಲ್ಲಿ ಗಾಯವಿರುವ ಮಕ್ಕಳನ್ನು ಕೆಸರಿಗೆ ಇಳಿಸಲೇಬಾರದು.

ಕುಡಿಯುವ ನೀರು ಬಾವಿಯದಾಗಲಿ, ಅಬ್ಬಿಯದಾಗಲಿ, ಕುದಿಸಿ ಆರಿಸಿದುದಾಗಿರಲಿ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ಆಗಾಗ್ಗೆ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಚಮಚ ತಲೆಮಟ್ಟವಾಗಿರಲಿ, ಉಪ್ಪು ಹೆಚ್ಚಾದರೆ ಅಪಾಯ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಔಷಧ ಸೇವಿಸುವವರು ಪ್ರಯಾಣದ ದಿನಗಳಿಗಿಂತ ಒಂದು ವಾರ ಹೆಚ್ಚಿನ ಮಾತ್ರೆಗಳನ್ನು ಒಯ್ಯುವುದು ಲೇಸು. ಘಟ್ಟದ ರಸ್ತೆ ಕುಸಿದರೆ ಪೇಟೆಯ ಔಷಧದಂಗಡಿಯೂ ದೂರವಾಗುತ್ತದೆ.

ಮರಳಿ ಬಂದ ಮೇಲೆ

ಎಲ್ಲಕ್ಕಿಂತ ಮುಖ್ಯವಾದ ಸೂಚನೆ ಮನೆಗೆ ಮರಳಿದ ಮೇಲಿನದು. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ತಲೆದೋರುತ್ತದೆ. ಇಲಿ ಜ್ವರಕ್ಕೆ ಒಂದೆರಡು ವಾರ ಹಿಡಿಯಬಹುದು. ಮಲೇರಿಯಾ ಕೆಲವು ವಾರಗಳ, ಒಮ್ಮೊಮ್ಮೆ ತಿಂಗಳುಗಳ ಅನಂತರವೂ ಬರಬಹುದು. ಅಷ್ಟು ಹೊತ್ತಿಗೆ ಶಾಲೆ, ಕಚೇರಿಗಳು ಆರಂಭವಾಗಿ ಪ್ರಯಾಣ ಮರೆತುಹೋಗಿರುತ್ತದೆ. ಜ್ವರದ ಹುಡುಗನನ್ನು ಪರೀಕ್ಷಿಸುವ ಹೈದರಾಬಾದಿನ ವೈದ್ಯರಿಗೆ, ಅವನು ಕಳೆದ ವಾರ ತೀರ್ಥಹಳ್ಳಿಯ ತೋಟದಲ್ಲಿ ಆಡುತ್ತಿದ್ದನೆಂಬುದು ಹೇಗೆ ತಿಳಿಯಬೇಕು? ತಿಳಿಯದಿದ್ದರೆ ಆ ಪರೀಕ್ಷೆಯನ್ನು ಬರೆಯುವುದೂ ಇಲ್ಲ. ಹಾಗೆ ಕಳೆದುಹೋಗುವ ದಿನಗಳು ಪ್ರಾಣಕ್ಕೇ ಎರವಾಗಬಹುದು.

ಆದುದರಿಂದ ಊರಿನಿಂದ ಬಂದ ಮೇಲೆ ಜ್ವರ ಕಾಣಿಸಿಕೊಂಡರೆ ತಾವೇ ಮಾತ್ರೆ ನುಂಗಿ ಕಾಯಬಾರದು. ಆಸ್ಪಿರಿನ್, ಐಬುಪ್ರೊಫೆನ್‌ಗಳು ಡೆಂಗಿಯಂತಹ ಜ್ವರಗಳಲ್ಲಿ ರಕ್ತಸ್ರಾವವನ್ನು ಹೆಚ್ಚಿಸಬಹುದು. ವೈದ್ಯರನ್ನು ಬೇಗ ಕಂಡು, ಹೋದ ಊರು, ಅಲ್ಲಿದ್ದ ದಿನಗಳು, ಕಾಡು ಅಥವಾ ಕೆಸರಿನ ಸಂಪರ್ಕ ಇವಿಷ್ಟನ್ನೂ ಕೇಳುವ ಮೊದಲೇ ಹೇಳಬೇಕು. ಹೊರಡುವ ದಿನ ಈ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಔಷಧದ ಚೀಲದಲ್ಲಿರಿಸಿದರೆ ಮರೆವಿಗೆ ಅವಕಾಶವಿಲ್ಲ.

ಅಜ್ಜನ ಮನೆಯ ಅಂಗಳ, ಹೊಳೆಯ ದಂಡೆ, ಹಲಸಿನ ಮರ ಇವು ನಮ್ಮ ಮಕ್ಕಳಿಗೆ ಸಲ್ಲಬೇಕಾದ ಸೊತ್ತು. ಭಯದಿಂದ ಅದನ್ನು ತಪ್ಪಿಸುವುದು ಬೇಡ. ಹೋದ ಮಕ್ಕಳೆಲ್ಲರೂ ಕ್ಷೇಮವಾಗಿ ಮರಳಿ, ಮುಂದಿನ ರಜೆಗೆ ಮತ್ತೆ ಹೊರಡುವಂತಾಗಲಿ.