ಕೊಳೆ ಹುಡುಕಿದರೆ ಕೊಲೆ ಸಿಕ್ಕಿತು: ಅಂತರ್ಜಾಲದಲ್ಲಿ ಹುಡುಕುವ ಮೊದಲ ಪಾಠ

ಕಳೆದ ಆಷಾಢದಲ್ಲಿ ಚಿಕ್ಕಪ್ಪನ ತೋಟದಲ್ಲಿ ಎಳೆ ಅಡಿಕೆ ಉದುರಲು ಶುರುವಾಯಿತು. ಪ್ರತಿವರ್ಷ ಮದ್ದು ಕಲಸಿ ಹೊಡೆಯುತ್ತಿದ್ದ ಕೊನೆಗಾರ ಆ ಸಲ ಬಂದಿರಲಿಲ್ಲ. ಸುಣ್ಣ ಎಷ್ಟು, ಮೈಲುತುತ್ತ ಎಷ್ಟು ಎನ್ನುವುದೆಲ್ಲ ಅವನ ಕೈ ಅಂದಾಜಿನಲ್ಲಿತ್ತು. ಚಿಕ್ಕಪ್ಪ ಮಗಳು ಕೊಡಿಸಿದ್ದ ಹೊಸ ಫೋನು ತೆಗೆದು, ಮೈಕಿನ ಗುರುತು ಒತ್ತಿ, "ಅಡಿಕೆ ಕೊಳೆ" ಎಂದರು. ಫೋನಿಗೆ ಕೇಳಿಸಿದ್ದು "ಅಡಿಕೆ ಕೊಲೆ". ತೋಟದಲ್ಲಿ ನಡೆದ ಕೊಲೆಗಳ ಸುದ್ದಿ ಸಾಲುಗಟ್ಟಿ ಬಂತು.

"ಇದಕ್ಕೆ ಕಿವಿ ಮಂದ ಮಾರಾಯ" ಎಂದು ಫೋನನ್ನು ನನ್ನ ಕೈಗಿಟ್ಟರು. ಆಮೇಲೆ ಎರಡು ದಿನ ಜಗಲಿಯಲ್ಲಿ ಕೂತು ಅವರಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹಂತ 1: ಯಾರನ್ನು ಕೇಳುತ್ತಿದ್ದೀರಿ?

ಇಂಟರ್ನೆಟ್ ಎಂದರೆ ರಸ್ತೆ. ವಾಟ್ಸಾಪ್ ಸಂದೇಶ, ವಿಡಿಯೊ ಕರೆ ಎಲ್ಲವೂ ಅದರ ಮೇಲೇ ಓಡಾಡುತ್ತವೆ. ಆ ರಸ್ತೆಯ ಬದಿಗೆ ಕಟ್ಟಿದ ಮನೆಗಳ ಊರು ವೆಬ್. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದರ ನಕ್ಷೆ ಹಾಕಿದರು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಈ ಊರಿನಲ್ಲಿ ಅಡ್ಡಾಡಲು ಬೇಕಾದ ಗಾಡಿಯೇ ಕ್ರೋಮ್‌ನಂಥ ಬ್ರೌಸರ್.

ಹಾಗಾದರೆ ಗೂಗಲ್? ಬಸ್ ನಿಲ್ದಾಣದ ಎದುರಿನ ಬೀಡಾ ಅಂಗಡಿಯವನು. ಯಾರ ಮನೆ ಎಲ್ಲಿದೆ ಎಂದು ಅವನಿಗೆ ಗೊತ್ತು. ಆ ಮನೆ ಅವನದಲ್ಲ, ಒಳಗಿರುವವನು ಎಂಥವನೆಂದು ಅವನು ಜಾಮೀನು ನಿಲ್ಲುವುದೂ ಇಲ್ಲ. ಈ ಬೀಡಾ ಅಂಗಡಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಂತ 2: ಕನ್ನಡ ಕೀಲಿಮಣೆ

ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಇರುವ ಜಿಬೋರ್ಡ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ಕನ್ನಡ ಅಕ್ಷರಗಳ ಮಣೆಯೂ ಇದೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಮಣೆಯೂ ಇದೆ. ಚಿಕ್ಕಪ್ಪ ಎರಡನೆಯದನ್ನು ಹಿಡಿದರು. ಒತ್ತುತ್ತಿದ್ದಂತೆ ಮೇಲಿನ ಪಟ್ಟಿಯಲ್ಲಿ ಕೊಲೆ, ಕೊಳೆ ಎರಡೂ ಬರುತ್ತವೆ. ಬೇಕಾದ್ದನ್ನು ಮುಟ್ಟಿ. ಮೈಕಿನಲ್ಲಿ ಹೇಳುವುದು ಸುಲಭ, ನಿಜ. ಆದರೆ ಲ-ಳ, ಅ-ಹ ಇರುವಲ್ಲಿ ಅದು ಏನು ಬರೆದುಕೊಂಡಿತೆಂದು ಒಮ್ಮೆ ಕಣ್ಣಾಡಿಸಿ.

ಹಂತ 3: ಕಷ್ಟ ಹೇಳಬೇಡಿ, ಪದ ಕೊಡಿ

ಚಿಕ್ಕಪ್ಪ ಎರಡನೇ ಸಲ ಬರೆದದ್ದು ಹೀಗೆ: "ನಮ್ಮ ಮೇಲಿನ ತೋಟದಲ್ಲಿ ಅಡಿಕೆ ಉದುರುತ್ತಾ ಇದೆ ಔಷಧಿ ಕಲಸಲಿಕ್ಕೆ ಜನ ಇಲ್ಲ". ಡಾಕ್ಟರ ಹತ್ತಿರ ಹೇಳಿದ ಹಾಗಿದೆ. ಈಗಿನ ಗೂಗಲ್ ಇಂಥ ವಾಕ್ಯಕ್ಕೂ ತಕ್ಕಮಟ್ಟಿಗೆ ಉತ್ತರ ಹುಡುಕುತ್ತದೆ. ಆದರೆ "ಮೇಲಿನ ತೋಟ", "ಜನ ಇಲ್ಲ" ಎಂಬುವು ಉತ್ತರ ಇರುವ ಪುಟದಲ್ಲಿ ಎಲ್ಲಿರಬೇಕು? ಆ ಪುಟ ಬರೆದವರು ಯಾವ ಪದ ಬಳಸಿರುತ್ತಾರೆ ಎಂದು ಯೋಚಿಸಿ, ಅದನ್ನೇ ಬರೆಯಿರಿ: "ಅಡಿಕೆ ಕೊಳೆರೋಗ ಬೋರ್ಡೋ ದ್ರಾವಣ ಪ್ರಮಾಣ". ಬೋರ್ಡೋ ಎಂದರೆ ಅದೇ ಸುಣ್ಣ, ಮೈಲುತುತ್ತದ ಮದ್ದು. ನಾಲ್ಕೈದು ಪದ ಸಾಕು.

ಉತ್ತರ ಸಿಗದಿದ್ದರೆ ಪದ ಬದಲಿಸಿ. ಇದೇ ರೋಗಕ್ಕೆ ಕರಾವಳಿ ಕಡೆ ಮಹಾಳಿ ಎನ್ನುತ್ತಾರೆ, ಆ ಹೆಸರಿನಲ್ಲಿ ಬೇರೆಯೇ ಪುಟಗಳು ತೆರೆಯುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ "ಕೊಳೆರೋಗ" ಎಂದು ಬರೆದರೂ ನಡೆಯುತ್ತದೆ, ಏಕೆಂದರೆ ವಿಜ್ಞಾನಿಗಳು ನಮ್ಮ ಪದವನ್ನೇ ಇಟ್ಟುಕೊಂಡಿದ್ದಾರೆ. ಮೈಸೂರು ಸರ್ಕಾರದ ಕೆಲಸದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಬರೆದ ಇಂಗ್ಲಿಷ್ ವರದಿಯ ಹೆಸರಿನಲ್ಲೇ ಅದು ಇದೆ. ಇದನ್ನು ಕೇಳಿ ಚಿಕ್ಕಪ್ಪ ಮದ್ದು ಸಿಕ್ಕಿದ್ದಕ್ಕಿಂತ ಹೆಚ್ಚು ಖುಷಿಪಟ್ಟರು.

ಹಂತ 4: ಎರಡು ಚಿಹ್ನೆ

ಪದಗಳು ಬರೆದ ಹಾಗೇ ಒಟ್ಟಿಗೆ ಸಿಗಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಬೇಡದ ಪದಕ್ಕೆ ಮುಂಚೆ, ನಡುವೆ ಜಾಗ ಬಿಡದೆ, ಮೈನಸ್ ಹಾಕಿ. ತುಂಗಾ ಎಂದರೆ ಹೊಳೆಯೂ ಹೌದು, ಕಂಪ್ಯೂಟರಿನ ಅಕ್ಷರಶೈಲಿಯೂ ಹೌದು. ಹೊಳೆ ಮಾತ್ರ ಬೇಕಾದವರು "ತುಂಗಾ -ಫಾಂಟ್" ಎನ್ನಬಹುದು. ಉಳಿದ ಕಸರತ್ತುಗಳು ಮೊದಲ ವರ್ಷ ಬೇಡ.

ಹಂತ 5: ಮುಟ್ಟುವ ಮೊದಲು ವಿಳಾಸ ಓದಿ

ಇಲ್ಲಿ ಅವಸರ ಮಾಡಬೇಡಿ. ಫಲಿತಾಂಶ ಬಂದ ಕೂಡಲೇ ಮೊದಲನೆಯದನ್ನು ಒತ್ತಬೇಕೆಂದು ಹೆಬ್ಬೆರಳು ತುಡಿಯುತ್ತದೆ. ಸ್ವಲ್ಪ ತಡೆಯಿರಿ. "ಪ್ರಾಯೋಜಿತ" ಎಂದೋ "ಸ್ಪಾನ್ಸರ್ಡ್" ಎಂದೋ ಸಣ್ಣದಾಗಿ ಬರೆದಿದ್ದರೆ ಅದು ಜಾಹೀರಾತು: ತನ್ನ ಮನೆಯನ್ನೇ ಮೊದಲು ತೋರಿಸು ಎಂದು ಯಾರೋ ಬೀಡಾ ಅಂಗಡಿಯವನ ಕೈಬೆಚ್ಚಗೆ ಮಾಡಿದ್ದಾರೆ.

ಆಮೇಲೆ ವಿಳಾಸ. ಮೊದಲ ಒಂಟಿ ಓರೆಗೆರೆಯ ತನಕ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಅಲ್ಲಿ "ಡಾಟ್ ಜಿಒವಿ ಡಾಟ್ ಇನ್" ಇದ್ದರೆ ಸರ್ಕಾರದ ತಾಣ. "ಕರ್ನಾಟಕ-ಜಿಒವಿ-ಇನ್ ಡಾಟ್ ಕಾಮ್" ಎಂದಿದ್ದರೆ ಅಲ್ಲ. ಸರ್ಕಾರದ ಹೆಸರು ನಡುವೆ ಎಷ್ಟು ಸಲ ಬಂದರೂ ಕೊನೆಗಿರುವುದೇ ಲೆಕ್ಕ. ಕೆಲವು ಬ್ರೌಸರ್‌ಗಳಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಇರುತ್ತದಲ್ಲ ಎಂದು ಚಿಕ್ಕಪ್ಪ ಕೇಳಿದರು. ಬೀಗ ಹೇಳುವುದು ಇಷ್ಟೇ: ದಾರಿಯಲ್ಲಿ ಯಾರೂ ನಿಮ್ಮ ಮಾತು ಕದ್ದು ಕೇಳುವುದಿಲ್ಲ. ಕಳ್ಳನ ಮನೆಗೂ ಬೀಗ ಇರುತ್ತದೆ.

ಎಲ್ಲಕ್ಕಿಂತ ಮೇಲೆ ಎಐ ಬರೆದ ಸಾರಾಂಶ ಬರಬಹುದು. ಓದಿ, ಆದರೆ ಅಳತೆ, ಔಷಧಿ, ದುಡ್ಡಿನ ವಿಚಾರದಲ್ಲಿ ಅದನ್ನೇ ನೆಚ್ಚಬೇಡಿ. ಮೂಲ ಪುಟ ತೆರೆದು ನೋಡಿ. ನಾವು ಎರಡು ಪುಟ ಹೋಲಿಸಿದೆವು, ಒಂದು ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಕೇಂದ್ರದ್ದು. ಶೇಕಡಾ 1ರ ಬೋರ್ಡೋಗೆ ಒಟ್ಟು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಲಸಿದ ಮೇಲೆ ಹೊಳೆಯುವ ಕಬ್ಬಿಣದ ಚಾಕು ಅದ್ದಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ. "ಕೊನೆಗಾರನೂ ಕತ್ತಿ ಅದ್ದುತ್ತಿದ್ದ, ತೊಳೀಲಿಕ್ಕೆ ಅಂತ ಮಾಡಿದ್ದೆ ನಾನು" ಎಂದರು ಚಿಕ್ಕಪ್ಪ.

ಹಂತ 6: ಫೋನ್ ನಂಬರನ್ನು ಮಾತ್ರ ಹೀಗೆ ಹುಡುಕಬೇಡಿ

ಬ್ಯಾಂಕಿನ ಸಹಾಯವಾಣಿ ಬೇಕೇ? ಪಾಸ್‌ಬುಕ್ಕೋ ಎಟಿಎಂ ಕಾರ್ಡಿನ ಹಿಂಬದಿಯೋ ನೋಡಿ. ನಮ್ಮ ಪಕ್ಕದ ಮನೆಯವರು ಹುಡುಕಾಟದಲ್ಲಿ ಸಿಕ್ಕ ನಂಬರಿಗೆ ಕರೆ ಮಾಡಿದರು. ಆ ಕಡೆಯವನು ಬಲು ವಿನಯದಿಂದ ಒಂದು ಆ್ಯಪ್ ಹಾಕಿಕೊಳ್ಳಿ ಎಂದ. ಅದು ಫೋನಿನ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್. ಮಗ ಬಂದು ಕಿತ್ತುಕೊಂಡದ್ದರಿಂದ ದುಡ್ಡು ಉಳಿಯಿತು. ಒಟಿಪಿ ಕೇಳಿದರೆ ಕೊಡಬೇಡಿ. ದುಡ್ಡು ಹೋಗಿಯೇ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಂತ 7: ಉಳಿಸುವುದು, ಅಳಿಸುವುದು

ಮತ್ತೆ ಬೇಕಾಗುವ ಪುಟಕ್ಕೆ, ಮೇಲಿನ ಮೂರು ಚುಕ್ಕೆ ಒತ್ತಿ ನಕ್ಷತ್ರ ಹಾಕಿಡಿ. ಅದೇ ಮೂರು ಚುಕ್ಕೆಯಲ್ಲಿ "ಇತಿಹಾಸ" ಸಿಗುತ್ತದೆ, ನೋಡಿದ್ದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಅಲ್ಲಿ ಅಳಿಸಿದರೂ ಗೂಗಲ್ ಖಾತೆಯ ಚಟುವಟಿಕೆ ಪಟ್ಟಿಯಲ್ಲಿ ಉಳಿದಿರಬಹುದು, ಅದನ್ನು ಬೇರೆಯಾಗಿ ಅಳಿಸಬೇಕು.

ಇಷ್ಟು ಹೇಳುತ್ತಿದ್ದಂತೆ ಚಿಕ್ಕಪ್ಪ ದನಿ ತಗ್ಗಿಸಿದರು. "ಅಲ್ಲ ಮಾರಾಯ, ನಾನು ಕೊಲೆ ಅಂತ ಹುಡುಕಿದ್ದು ಪೊಲೀಸರಿಗೆ ಗೊತ್ತಾಗ್ತದಾ?" ಗೊತ್ತಾದರೂ ಏನೂ ಆಗದು ಎಂದರೂ ಕೇಳದೆ, ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಅಳಿಸುತ್ತ ಹೋದರು. ನಡುವೆ ಬೆರಳು ನಿಂತಿತು.

"ತಾಳಗುಪ್ಪ ಮೈಸೂರು ರೈಲು ಸಮಯ. ಇದನ್ನ್ಯಾರು ಹುಡುಕಿದ್ದು?"

ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ಜೋರಾಯಿತು. ಚಿಕ್ಕಮ್ಮ ಮಾತಾಡಲಿಲ್ಲ.